ಹೊಟ್ಟೆಯೊಳಗಿನ ಪಾಲುದಾರ

ನೀಲವ್ವನ ಕೊಟ್ಟಿಗೆಯಲ್ಲಿದ್ದ ಎಳೆಯ ಎಮ್ಮೆಗರುವಿಗೆ ತನ್ನ ಗುಡಾಣದಂಥ ಹೊಟ್ಟೆಯ ಮೇಲೆ ಭಾರಿ ಹೆಮ್ಮೆ. ಪಕ್ಕೆಲುಬು ಎದ್ದು ಕಾಣುತ್ತಿದ್ದರೂ, ಬಾಲವೆಲ್ಲ ಭೇದಿಯಿಂದ ಅಂಟಿಕೊಂಡಿದ್ದರೂ, ಹೊಟ್ಟೆಯೊಂದು ದುಂಡಗಿದೆಯಲ್ಲ ಎಂಬ ಸಮಾಧಾನ ಅದಕ್ಕೆ.

ನೀಲವ್ವ ಬಿದಿರಿನ ಗೊಟ್ಟದಲ್ಲಿ ಜಂತಿನ ಔಷಧಿ ತಂದಳು. ಕೂಡಲೇ ಕರುವಿನ ಹೊಟ್ಟೆಯೊಳಗಿದ್ದ ಜಂತುಹುಳು ಕೂಗಿತು: "ಕುಡಿಯಬೇಡ ಗೆಳೆಯಾ! ಈ ದುಂಡು ಹೊಟ್ಟೆ ಯಾರ ಕೃಪೆ ಅಂದುಕೊಂಡೆ? ನಾವಿಬ್ಬರೂ ಪಾಲುದಾರರು."

ಕರು ಬಾಯಿ ಬಿಗಿ ಹಿಡಿಯಿತು.

"ಬಾಯಿ ತೆಗೆಯೋ ಕೋಣ! ಹಿಂಗೇ ಇದ್ರೆ ಸತ್ತು ಹೋಗ್ತೀಯ," ಎಂದು ನೀಲವ್ವ ಗದರಿದಳು.

ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ತಾಯಿ ಎಮ್ಮೆ ಕರುವಿನತ್ತ ತಿರುಗಿತು. "ಮಗಾ, ನೀನು ಕುಡಿದ ಹಾಲಿನಲ್ಲಿ ಅದು ಪಾಲು ತಗೊಳ್ಳುತ್ತೆ, ಸರಿ. ನಿನ್ನ ಭೇದಿಯಲ್ಲಿ ಎಷ್ಟು ಪಾಲು ತಗೊಂಡಿದೆ, ಒಂದು ಮಾತು ಕೇಳಿ ನೋಡು."

ಕರು ಕೇಳಿಯೇ ಬಿಟ್ಟಿತು. "ಪಾಲುದಾರಾ, ನನ್ನ ಕಾಲು ನಡುಗುತ್ತಿದೆ. ಇವತ್ತೊಂದು ದಿನ ಹಾಲು ನನಗಿರಲಿ, ಭೇದಿ ನಿನಗಿರಲಿ."

"ಛೆ ಛೆ, ಅದೆಲ್ಲ ನಿನ್ನ ಇಲಾಖೆ," ಎಂದಿತು ಹುಳು. "ನಾನು ಊಟದ ಕಡೆ ಮಾತ್ರ ನೋಡಿಕೊಳ್ಳುವವನು."

ಕರು ತಾನಾಗಿಯೇ ಬಾಯಿ ತೆರೆಯಿತು.

ಹುಳು ತನ್ನ ಬಳಗಸಮೇತ ಸಗಣಿಯಲ್ಲಿ ಬಿತ್ತು. ಭೇದಿ ನಿಂತಿತು, ಹೊಟ್ಟೆಯೂ ಇಳಿಯಿತು. ಬೇಲಿಯಾಚೆಯ ಮೇಕೆ, "ಅಯ್ಯೋ ಪಾಪ, ಎಷ್ಟು ಸೊರಗಿಬಿಟ್ಟೆಯೋ!" ಎಂದು ಮರುಗಿತು. ಕರು ಬಾಲ ಎತ್ತಿ, ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಈಗ ಕುಡಿದದ್ದೆಲ್ಲ ಅದರದೇ.