ಅಲುಗಿದ ಬೆಸುಗೆ

ನದಿಯ ದಡದಲ್ಲಿ ಒಬ್ಬ ಗುರು ಇದ್ದರು ಎಂದರೆ ಸಾಕು, ಗಡ್ಡ, ಕಾವಿ, ಕಮಂಡಲ ಕಣ್ಣ ಮುಂದೆ ಬರುತ್ತವೆ. ಲಿಗೋರಿ ಮಾಸ್ಟ್ರಲ್ಲಿ ಈ ಮೂರೂ ಇರಲಿಲ್ಲ. ಇದ್ದದ್ದು ದಪ್ಪ ಗಾಜಿನ ಕನ್ನಡಕ, ಒಂದು ಮೇಜು, ತಂತಿ ಬೆಸೆಯುವ ಒಂದು ಸೋಲ್ಡರಿಂಗ್ ಐರನ್.

ಗಿಟಾರ್ ನುಡಿಸುವವರು ಕಾಲಿನಿಂದ ಒತ್ತುವ ಪೆಡಲುಗಳನ್ನು ಅವರು ರಿಪೇರಿ ಮಾಡುತ್ತಿದ್ದರು. ಪೆಡಲ್ ಎಂದರೆ ಅಂಗೈ ಅಗಲದ ಲೋಹದ ಡಬ್ಬಿ. ಒತ್ತಿದರೆ ಗಿಟಾರಿನ ಮೆದು ದನಿ ಗುಡುಗಾಗುತ್ತದೆ. ಒಳಗೆ ಒಂದೇ ಒಂದು ತಂತಿ ಸಡಿಲವಾಯಿತೋ, ಗುಡುಗೂ ಇಲ್ಲ, ದನಿಯೂ ಇಲ್ಲ.

ಅವರ ಶಿಷ್ಯೆ ನಿಶ್ಮಿತಾ. ಬಂದು ಮೂರು ತಿಂಗಳಾಗಿತ್ತು. ಬಂದದ್ದು ಜ್ಞಾನದ ಹಸಿವಿನಿಂದಲ್ಲ, ಅವಮಾನ ತಡೆಯಲಾರದೆ.

ಅವಳು ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದಳು. ಒಂದು ಮದುವೆ ಮನೆಯಲ್ಲಿ, ಅವಳೊಬ್ಬಳೇ ನುಡಿಸಬೇಕಾದ ಜಾಗ ಬಂದಾಗಲೇ ಪೆಡಲ್ ಸತ್ತುಹೋಗಿತ್ತು. ನೂರಾರು ಜನರೆದುರು ಬೆರಳು ಓಡುತ್ತಿದೆ, ಶಬ್ದವಿಲ್ಲ. ಮದುಮಗನೇ ನಕ್ಕಿದ್ದ. ಮದುಮಗ ನಕ್ಕಮೇಲೆ ಮಂಟಪವೆಲ್ಲ ನಕ್ಕಿತು.

ಬ್ಯಾಂಡಿನವರು ಅವಳನ್ನು ಹಿಂದಿನ ಸಾಲಿಗೆ ಕಳಿಸಿದರು. ಈಗ ಮತ್ತೊಂದು ಅವಕಾಶ ಕೊಟ್ಟಿದ್ದರು. ಕೊನೆಯದು ಎಂದು ಹೇಳಿಯೇ ಕೊಟ್ಟಿದ್ದರು. ಇವತ್ತು ಸಂಜೆ, ಆಚೆ ದಡದ ಮೈದಾನದಲ್ಲಿ. ಇವತ್ತೂ ದನಿ ಹೋದರೆ ಅವಳ ಜಾಗಕ್ಕೆ ಬೇರೆಯವರು.

ಮೂರು ತಿಂಗಳೂ ಮಾಸ್ಟ್ರು ಅವಳಿಂದ ಊರವರ ಹಳೇ ಪೆಡಲುಗಳನ್ನೇ ಬಿಚ್ಚಿಸಿದ್ದರು. ಅವಳದ್ದನ್ನು ಮುಟ್ಟಲು ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಮೊದಲ ಸಲ ಹೇಳಿದರು.

"ನಿನ್ನದನ್ನು ಬಿಚ್ಚು."

ಅವಳು ಹಬ್ಬದ ಮಕ್ಕಳ ಹಾಗೆ ಕೆಲಸಕ್ಕೆ ಬಿದ್ದಳು. ಊಟಕ್ಕೂ ಏಳಲಿಲ್ಲ.

"ಮಾಸ್ಟ್ರೇ, ಆಯ್ತು! ಬನ್ನಿ, ನೋಡಿ, ಹೇಗೆ ಹೊಳೀತಾ ಉಂಟು!"

ನಿಜವಾಗಿಯೂ ಹೊಳೆಯುತ್ತಿತ್ತು. ಪೆಡಲಿನ ಹೊಟ್ಟೆಯೊಳಗೆ ಪ್ರತಿ ತಂತಿಯ ತುದಿಯಲ್ಲೂ ಕರಗಿಸಿ ಹಾಕಿದ ಸೋಲ್ಡರಿನ ಬೆಳ್ಳಿ ಬಣ್ಣದ ಬೊಟ್ಟು.

"ಎಲ್ಲಿ ಬಿಟ್ಟಿತ್ತು?" ಎಂದು ಮಾಸ್ಟ್ರು ಕೇಳಿದರು.

"ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಎಲ್ಲದಕ್ಕೂ ಒಂದೊಂದು ಬೊಟ್ಟು ಹಾಕಿದೆ."

"ಒಬ್ಬರಿಗೆ ಜ್ವರ ಬಂದದ್ದಕ್ಕೆ ಇಡೀ ಕೇರಿಗೆ ಮಾತ್ರೆ ಕೊಟ್ಟೆಯಾ?"

"ಕೇರಿಗೆ ಕೊಟ್ರೆ ಜ್ವರ ಬಂದವರಿಗೂ ಸಿಕ್ತದಲ್ಲ ಮಾಸ್ಟ್ರೇ!"

ಅವಳ ಉತ್ತರಕ್ಕೆ ಮಾಸ್ಟ್ರಿಗೆ ನಗು ಬಂತು. ಆದರೆ ಕೈ ನಗಲಿಲ್ಲ. ಅದು ಒಂದು ಬಿದಿರು ಕಡ್ಡಿಯನ್ನು ಎತ್ತಿಕೊಂಡಿತು.

ಇದು ಅವರ ಪದ್ಧತಿ. ಪೆಡಲನ್ನು ಸ್ಪೀಕರಿಗೆ ಜೋಡಿಸಿ, ದನಿ ಏರಿಸಿ, ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ತಟ್ಟುವುದು. ಗಟ್ಟಿ ಇದ್ದ ಬೆಸುಗೆ ಸುಮ್ಮನಿರುತ್ತದೆ.

ಮೊದಲನೆಯದು ಸುಮ್ಮನಿತ್ತು. ಎರಡನೆಯದೂ. ಮೂರನೆಯದೂ. ಗಿಟಾರಿನ ವಯರು ಬಂದು ಸಿಕ್ಕಿಸುವ ಜಾಕ್‌ನ ಹತ್ತಿರ ತಟ್ಟಿದರು.

ಕರ್‌ರ್‌ರ್!

ನಿಶ್ಮಿತಾ ಕಿವಿ ಮುಚ್ಚಿಕೊಂಡಳು. ಮಾಸ್ಟ್ರು ಆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಹೊಳೆಯುವ ಬೊಟ್ಟಿನ ಸಮೇತ ತಂತಿ ಕೈಗೇ ಬಂತು.

ಗಡಿಯಾರದಲ್ಲಿ ಎರಡೂವರೆ. ಆಚೆ ದಡಕ್ಕೆ ದೋಣಿ ನಾಲ್ಕೂವರೆಗೆ.

"ಸೋಲ್ಡರ್ ಕೊಡಿ ಮಾಸ್ಟ್ರೇ, ಬೇಗ! ಇನ್ನೂ ಸ್ವಲ್ಪ ಜಾಸ್ತಿ ಹಾಕ್ತೇನೆ."

ಮಾಸ್ಟ್ರು ಅವಳ ಕೈಗೆ ಒಂದು ಪುಟ್ಟ ಪಂಪು ಕೊಟ್ಟರು.

"ಇದು ಸೋಲ್ಡರ್ ತೆಗೀಲಿಕ್ಕೆ ಇರೋದಲ್ವಾ?"

"ಹೌದು."

"ನನಗೆ ಹಾಕ್ಲಿಕ್ಕೆ ಬೇಕು!"

"ಗೊತ್ತುಂಟು."

ಅವಳು ಮುಖ ಊದಿಸಿಕೊಂಡೇ ಐರನ್ ಹಿಡಿದಳು. ಜಾಕಿನಲ್ಲಿ ಉಳಿದಿದ್ದ ಬೊಟ್ಟಿನ ಚೂರು ಕರಗಿತು, ಪಂಪು ಅದನ್ನು ಸರಕ್ಕನೆ ಹೀರಿತು. ಅಡಿಯಲ್ಲಿ ಇನ್ನೊಂದು ಪದರ ಇತ್ತು. ಕಪ್ಪು, ಬಿರುಕು ಬಿಟ್ಟದ್ದು. ವರ್ಷಗಟ್ಟಲೆ ಕಾಲಿನ ಒದೆ ತಿಂದದ್ದು.

"ಇದರ ಮೇಲೆಯೇ ಹಾಕಿದ್ದೆನಾ ನಾನು?"

ಮಾಸ್ಟ್ರು ಒಂದು ಬ್ಲೇಡನ್ನು ಅವಳ ಕಡೆ ಸರಿಸಿದರು.

ಅವಳು ಕೆರೆದಳು. ಕಪ್ಪು ಹೋಯಿತು, ಬೂದು ಹೋಯಿತು, ಕೊನೆಗೆ ಹೊಸ ಲೋಹದ ಬಣ್ಣ ಕಂಡಿತು. ನಿಶ್ಮಿತಾಳ ಉತ್ಸಾಹ ತಿರುಗಿ ಬಂತು. ಈಗ ಗೊತ್ತಾಯಿತಲ್ಲ! ತಂತಿಯನ್ನು ಇಟ್ಟಳು, ಕಾಯಿಸಿದಳು, ಸೋಲ್ಡರ್ ತಾಗಿಸಿದಳು, ಐರನ್ ಎತ್ತಿದಳು.

"ಈಗ ತಟ್ಟಿ ಮಾಸ್ಟ್ರೇ!"

ಮಾಸ್ಟ್ರು ತಟ್ಟಿದರು.

ಕರ್‌ರ್‌ರ್!

"ಅಯ್ಯೋ ದೇವರೇ, ಯಾಕೆ? ಎಲ್ಲ ಸರಿಯಾಗಿಯೇ ಮಾಡಿದೆನಲ್ಲ!"

"ಇನ್ನೊಮ್ಮೆ ಮಾಡು. ನಾನು ನೋಡ್ತೇನೆ."

ಅವಳು ಮತ್ತೆ ತೆಗೆದಳು, ಮತ್ತೆ ಹಾಕಿದಳು. ಮಾಸ್ಟ್ರು ಬೆಸುಗೆಯ ಕಡೆ ನೋಡಲೇ ಇಲ್ಲ. ಮೇಜಿನ ಮೂಲೆಯಲ್ಲಿದ್ದ ಸ್ಕ್ರೂ ಡಬ್ಬಿಯನ್ನು ನೋಡುತ್ತಿದ್ದರು. ಡಬ್ಬಿಯೊಳಗಿನ ಸ್ಕ್ರೂಗಳು ತಾಳ ಹಾಕುತ್ತಿದ್ದವು. ಚಿಣ್, ಚಿಣ್, ಚಿಣಿಚಿಣ್.

"ನಿನ್ನ ಕಾಲು ಎಂತ ಮಾಡ್ತಾ ಉಂಟು?"

"ಕಾಲಾ? ಏನೂ ಇಲ್ಲ."

ಮಾಸ್ಟ್ರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಅವಳೂ ಬಗ್ಗಿ ನೋಡಿದಳು. ಸಂಜೆ ನುಡಿಸಬೇಕಾದ ಹಾಡಿಗೆ ಅವಳ ಬಲಗಾಲು ಆಗಲೇ ತಾಳ ಹಾಕುತ್ತಿತ್ತು. ಯಜಮಾನಿ ನೋಡಿದ ಮೇಲೂ ನಿಲ್ಲಲಿಲ್ಲ.

"ಕರಗಿದ ಸೋಲ್ಡರ್ ಗಟ್ಟಿ ಆಗ್ಲಿಕ್ಕೆ ಎಷ್ಟು ಹೊತ್ತು ಬೇಕು?" ಮಾಸ್ಟ್ರು ಕೇಳಿದರು.

"ಎರಡು ಸೆಕೆಂಡು. ಹೆಚ್ಚೆಂದರೆ ಮೂರು."

"ಆಗ ತಂತಿ ಅಲುಗಿದ್ರೆ?"

"ಒಳಗಿಂದೊಳಗೇ ಬಿರುಕು ಬಿಡ್ತದೆ." ಹೇಳಿದ ಮೇಲೆ ಅವಳಿಗೆ ಹೊಳೆಯಿತು. "ಆದ್ರೆ ಮಾಸ್ಟ್ರೇ, ಖುಷಿಯಾದ್ರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಇವತ್ತು ತುಂಬಾ ಖುಷಿ ಉಂಟು. ತುಂಬಾ ಹೆದರಿಕೆಯೂ ಉಂಟು. ಎಂತ ಮಾಡ್ಲಿ?"

ಮಾಸ್ಟ್ರು ಒಳಗೆ ಹೋದರು. ಸ್ಟೀಲ್ ಲೋಟದಲ್ಲಿ ಅಂಚಿನವರೆಗೂ ಚಾ ತುಂಬಿಸಿಕೊಂಡು ಬಂದರು. ಅವಳಿಗೆ ಕೊಡಲಿಲ್ಲ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಲೋಟವನ್ನು ಅವಳ ಬಲಪಾದದ ಮೇಲೆ ಇಟ್ಟರು.

"ಬಿಸಿ ಉಂಟು," ಎಂದರು.

ನಿಶ್ಮಿತಾ ಉಸಿರನ್ನೂ ಅಳೆದು ಬಿಟ್ಟಳು. ಹಳೆಯ ಬೆಸುಗೆ ತೆಗೆದಳು. ಲೋಹ ಒರೆಸಿದಳು. ತಂತಿ ಇಟ್ಟಳು. ಐರನ್ ತಾಗಿಸಿದಳು. ಸೋಲ್ಡರ್ ನೀರಿನಂತೆ ಹರಿದು ತಂತಿಯನ್ನು ಸುತ್ತಿಕೊಂಡಿತು. ಐರನ್ ಎತ್ತಿದಳು.

ಒಂದು. ಎರಡು. ಮೂರು.

ಡಬ್ಬಿಯ ಸ್ಕ್ರೂಗಳು ಸುಮ್ಮನಿದ್ದವು.

ಮಾಸ್ಟ್ರು ಕಡ್ಡಿಯಿಂದ ತಟ್ಟಿದರು. ಶಬ್ದವಿಲ್ಲ. ಮತ್ತೆ ತಟ್ಟಿದರು. ಇಲ್ಲ. ಗಿಟಾರನ್ನು ಅವಳ ತೊಡೆಯ ಮೇಲೆ ಇಟ್ಟು, ಪೆಡಲಿನ ಗುಂಡಿಯನ್ನು ತಾವೇ ಕೈಯಿಂದ ಒತ್ತಿದರು.

ಅವಳು ಒಂದೇ ಒಂದು ತಂತಿ ಮೀಟಿದಳು. ಹೆಂಚುಗಳು ನಡುಗಿದವು. ಹೊರಗೆ ನೀರಲ್ಲಿ ನಿಂತಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದುಹೋದವು.

"ಬಂತು! ಬಂತು ಮಾಸ್ಟ್ರೇ, ಬಂತು!" ಅವಳು ಹಾರಿ ನಿಂತಳು. ಚಾ ಪೂರ್ತಿ ಪಾದದ ಮೇಲೆ ಹೋಯಿತು. "ಅಮ್ಮಾ!" ಎಂದು ಒಂಟಿ ಕಾಲಲ್ಲಿ ಕುಣಿದಳು. ನೋವಿಗೋ, ಸಂತೋಷಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಆಗಲೇ ನಾಲ್ಕೂಕಾಲು ದಾಟಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಲು ಹೊರಟಳು. ಮಾಸ್ಟ್ರು ಕೈ ಅಡ್ಡ ಹಿಡಿದರು.

"ತಂತಿ ಎಳೆದು ನೋಡು."

"ಯಾಕೆ? ಸರಿ ಉಂಟಲ್ಲ! ನಿಮ್ಮ ಕಿವಿಗೂ ಕೇಳಿತಲ್ಲ!"

"ಎಳಿ."

"ಕಿತ್ತು ಬಂದ್ರೆ ದೋಣಿ ತಪ್ಪಿಹೋಗ್ತದೆ ಮಾಸ್ಟ್ರೇ. ದೋಣಿ ತಪ್ಪಿದ್ರೆ ಬ್ಯಾಂಡೂ ಹೋಯ್ತು. ಈಗ ಹೇಗೂ ನುಡೀತಾ ಉಂಟು, ಹಾಗೇ ಬಿಡುವ. ನಿಮ್ಮ ಕಾಲಿಗೆ ಬೀಳ್ತೇನೆ."

"ಕಿತ್ತು ಬರುವುದಾದ್ರೆ ಇಲ್ಲಿಯೇ ಬರ್ಲಿ. ಇಲ್ಲಿ ನೋಡುವವನು ನಾನೊಬ್ಬನೇ."

ಅವಳು ತಂತಿಯನ್ನು ಹಿಡಿದಳು. ಮದುವೆ ಮನೆಯ ನಗು ಕಿವಿಯಲ್ಲಿ ಕೇಳಿದ ಹಾಗಾಯಿತು. ಕಣ್ಣು ಮುಚ್ಚಿ ಎಳೆದಳು. ಬರಲಿಲ್ಲ. ಹಲ್ಲು ಕಚ್ಚಿ ಎಳೆದಳು. ಮೇಜಿನ ಮೇಲೆ ಇಡೀ ಡಬ್ಬಿಯೇ ಜಾರಿಕೊಂಡು ಬಂತು, ತಂತಿ ಮಾತ್ರ ಬರಲಿಲ್ಲ.

ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮುಚ್ಚಳ ಹಾಕಿ, ನಾಲ್ಕು ಸ್ಕ್ರೂ ಬಿಗಿದು, ಗಿಟಾರನ್ನು ಬೆನ್ನಿಗೆ ಏರಿಸಿ, ಪೆಡಲನ್ನು ಎದೆಗೆ ಅವಚಿಕೊಂಡು ಓಡಿದಳು.

ದೋಣಿ ಆಗಲೇ ಹಗ್ಗ ಬಿಚ್ಚಿತ್ತು. ನೆಗೆದು ಹತ್ತಿದಳು. ಕೂತವರು ಬೈದರು. ಅವಳಿಗೆ ಕೇಳಿಸಲಿಲ್ಲ.

ಮಾಸ್ಟ್ರು ದಡಕ್ಕೆ ಬಂದು ನಿಂತಿದ್ದರು. ನಡುವೆ ನೀರು ಅಗಲವಾಗುತ್ತಾ ಹೋಯಿತು. ಆಗ ಅವಳಿಗೆ ಒಂದು ಭಯ ಹುಟ್ಟಿತು. ಬೆಸುಗೆ ಗಟ್ಟಿಯಾಗಿದೆ, ಆದರೆ ವೇದಿಕೆ ವೇದಿಕೆಯೇ. ಅಲ್ಲಿ ಕೈಯಿಂದ ಒತ್ತುವ ಮಾಸ್ಟ್ರು ಇರುವುದಿಲ್ಲ. ಒತ್ತಬೇಕಾದದ್ದು ಅವಳದೇ ಕಾಲು, ಖುಷಿ ಬಂದರೆ ಮಾತು ಕೇಳದ ಕಾಲು.

ಅವಳು ದೋಣಿಯ ಹಿಂಬದಿಗೆ ಬಂದು ಕೂಗಿದಳು.

"ಮಾಸ್ಟ್ರೇ! ಸಂಜೆ ಪೆಡಲನ್ನು ಮೆಲ್ಲಗೆ ಒತ್ತಬೇಕಾ?"

ಮಾಸ್ಟ್ರು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

"ಮೆಲ್ಲಗೆ ಒತ್ತುವುದಾದ್ರೆ ಬೆಳಗ್ಗಿನ ಬೆಸುಗೆಯೇ ಸಾಕಿತ್ತಲ್ಲ ಮಾರಾಯ್ತಿ!"