ಬಾಗಿಲಿಗೆ ಅಡ್ಡ ನಿಂತ ಹೊಸ ವರ್ಷನ್

ಹುಬ್ಬಳ್ಳಿಯ ಒಂದು ಲಾರಿ ಕಚೇರಿಯಲ್ಲಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆಯೊಂದಿತ್ತು. ಅದು ಒಮ್ಮೆ ಕೆಮ್ಮಿದರೆ ಸಾಕು, ಪುಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಡ್ರೈವರ್ ಎದ್ದು ಕೂತು "ಹಲೋ" ಅನ್ನುತ್ತಿದ್ದ! ಕಚೇರಿಯ ಫೋನುಗಳೆಲ್ಲ ಅದರ ಮಕ್ಕಳು.

ಒಂದು ದಿನ ಹೊಸ ಸಾಫ್ಟ್‌ವೇರ್ ವರ್ಷನ್ ಮದುಮಗನ ಗತ್ತಿನಲ್ಲಿ ಬಂದು ನಿಂತಿತು.

"ಪಕ್ಕಕ್ಕೆ ಸರಿ ಅಜ್ಜ, ನಾನು ಒಳಗೆ ಕೂರಬೇಕು."

"ಕೂರುವೆಯಂತೆ. ಮೊದಲು ಪ್ಯಾಚ್ ಫೈಲುಗಳು ಬರಲಿ. ನನಗೂ ನಿನಗೂ ಹೊಂದಿಕೆ ಮಾಡಿಸುವವರು ಅವರೇ. ಅವರಿಲ್ಲದೆ ನೀನು ಬಂದರೆ ನನ್ನ ಮಕ್ಕಳ ಬಾಯಿ ಕಟ್ಟುತ್ತದೆ."

"ಆ ಚಿಂದಿಗಳ ಹಿಂದೆ ನಾನು ಬರಬೇಕೆ? ಸಾಹುಕಾರರಿಗೆ ಹೇಳಿ ನಿನ್ನನ್ನು ಗುಜರಿಗೆ ಹಾಕಿಸುತ್ತೇನೆ!"

"ಧಾರಾಳವಾಗಿ ಹಾಕಿಸು. ಆದರೆ ನನ್ನಲ್ಲಿ ಕರೆಂಟ್ ಹರಿಯುವವರೆಗೂ ಈ ಹೊಸಿಲು ನನ್ನದು."

ವರ್ಷನ್ ಹಲ್ಲು ಕಡಿದು ಒಂದು ಕಾಲನ್ನು ಒಳಗೆ ತುರುಕಿಯೇಬಿಟ್ಟಿತು. ಆಗಲೇ ಘಟ್ಟದಲ್ಲಿ ಬ್ರೇಕ್ ಕೆಟ್ಟ ಲಾರಿಯೊಂದರಿಂದ ಕರೆ ಬಂದಿತ್ತು. ಮಾತಿನ ನಡುವೆಯೇ ಫೋನು ಮೂಕವಾಯಿತು. ಪೆಟ್ಟಿಗೆಗೆ ಎಲ್ಲಿತ್ತೋ ಸಿಟ್ಟು! ಇದ್ದಬದ್ದ ದೀಪಗಳನ್ನೆಲ್ಲ ಕೆಂಪಗೆ ಉರಿಸಿ, ಇಡೀ ಓಣಿಯ ಬಲ್ಬುಗಳು ಮಂಕಾಗುವ ಹಾಗೆ ಒದ್ದು ವರ್ಷನ್ನನ್ನು ಹೊರಗೆ ಹಾಕಿತು. ಡ್ರೈವರನ ದನಿ ಮತ್ತೆ ಕೇಳಿಸಿತು, "ಹಲೋ, ಮೆಕ್ಯಾನಿಕ್ಕನ್ನು ಕಳಿಸ್ರೀ!"

ವರ್ಷನ್ ಧೂಳು ಕೊಡವಿಕೊಂಡು ಎದ್ದು, ದನಿ ತಗ್ಗಿಸಿ ಕೇಳಿತು, "ಆಯಿತು ಅಜ್ಜ. ಎಲ್ಲಿದ್ದಾರೆ ಆ ಪ್ಯಾಚ್ ಫೈಲುಗಳು?"

"ಆಗಿನಿಂದ ನಿನ್ನ ಬೆನ್ನ ಹಿಂದೆಯೇ ಕಾಯುತ್ತಿದ್ದಾರೆ. ನೀನು ಬಾಗಿಲು ಬಿಟ್ಟು ಸರಿದರೆ ಒಳಗೆ ಬರುತ್ತಾರೆ."