ಬಂಡೆಯ ಮೇಲಿನ ಎರಡು ಗೀರು

ಹೊಳೆದಂಡೆಯ ಮಠಕ್ಕೆ ಬೆಳಿಗ್ಗೆಯೇ ಒಬ್ಬ ಬಂದು ಹೊರಬಾಗಿಲಲ್ಲಿ ಕುಳಿತಿದ್ದ. ಶಿಷ್ಯ ಬಸಲಿಂಗನ ಅಣ್ಣ, ಈರಭದ್ರ.

ಬಸಲಿಂಗ ಹೊರಗೆ ಹೋಗಲಿಲ್ಲ. ಎಲ್ಲರೂ ಅಜ್ಜಾರು ಎಂದು ಕರೆಯುವ ಗುರುಗಳೇ ಅವನನ್ನು ಹುಡುಕಿಕೊಂಡು ಬಂದರು.

“ನಿಮ್ಮಣ್ಣ ಬಂದಾನಪಾ.”

“ಅಂವನ ಮಾರಿ ನೋಡೂದಿಲ್ರೀ, ಅಜ್ಜಾರ.” ಬಸಲಿಂಗ ಹಣೆಯ ಗಾಯದ ಗುರುತು ತೋರಿಸಿದ. “ಮಠ ಸೇರ್ತೀನಿ ಅಂದಿದ್ದಕ್ಕ ಅಂವ ದಬ್ಬಿದ್ದು. ಹೊಸ್ತಲಕ್ಕ ಬಡದು ಹಣಿ ಒಡೀತು. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ.”

ಅಜ್ಜಾರು ವಾದಕ್ಕೆ ನಿಲ್ಲುವವರಲ್ಲ. ತಂಬಿಗೆ ಹಿಡಿದು ಹೊಳೆಗೆ ನಡೆದರು. ಶಿಷ್ಯ ಹಿಂದೆ ಹೋದ.

ನೀರಿಗಿಳಿಯುವಲ್ಲಿ ಒಂದು ದೊಡ್ಡ ಬಂಡೆ ಸೀಳಿ ನಿಂತಿತ್ತು. ಪಾಚಿ ಕಟ್ಟದಂತೆ ಅದರ ನುಣುಪು ಮೈಯನ್ನು ದಿನವೂ ಮರಳು ಹಾಕಿ ತಿಕ್ಕುವುದು ಬಸಲಿಂಗನ ಸೇವೆ.

ಅಜ್ಜಾರು ಅದರ ಮೇಲಿನ ಗೀರುಗಳತ್ತ ಕೈ ತೋರಿಸಿದರು. “ಈ ಗೀರು ಯಾರು ಮಾಡಿದ್ದು?”

ಬಸಲಿಂಗ ತಲೆ ತಗ್ಗಿಸಿದ. “ತಪ್ಪಾತ್ರೀ. ಮರಳು ಜಾಸ್ತಿ ಹಾಕಿ ತಿಕ್ಕಿಬಿಟ್ಟೆ.”

ಅಜ್ಜಾರಿಗೆ ನಗು ತಡೆಯಲಾಗಲಿಲ್ಲ. “ನಿನ್ನ ಕೈಯಾಗ ಅಷ್ಟು ಕಸುವಿದ್ದಿದ್ರ ಮಠದಾಗ ಒಂದು ಪಾತ್ರಿನೂ ಉಳೀತಿದ್ದಿಲ್ಲ, ಹುಚ್ಚಪ್ಪಾ! ನೆಲದೊಳಗಿನ ಒತ್ತಡಕ್ಕ ಈ ಕಲ್ಲು ಸೀಳ್ಯದ. ಒಂದು ಹೋಳು ಇನ್ನೊಂದನ್ನ ತಿಕ್ಕೋತ ಸರದದ. ಅದರ ಗೀರು ಇವು. ಬೆರಳಿಟ್ಟು ನೋಡು, ಯಾ ಕಡೆ ಸರದದ?”

“ಅಡ್ಡಕ್ಕರೀ.”

“ಮತ್ತ ನೋಡು.”

ಬೆರಳು ನಿಧಾನವಾಗಿ ಹರಿದಾಡಿತು. ಅಡ್ಡ ಗೀರುಗಳನ್ನು ಕತ್ತರಿಸಿಕೊಂಡು ಬೇರೆ ಗೀರುಗಳು ಕೆಳಮುಖವಾಗಿ ಇಳಿದಿದ್ದವು.

“ಇವು ಕೆಳಗಿಳದಾವ್ರೀ. ಅಡ್ಡಗೀರಿನ ಮ್ಯಾಲೆ ಬಿದ್ದಾವ.”

“ಅಂದ್ರ ಆಮ್ಯಾಲೆ ಬಿದ್ದವು. ಸೀಳು ಮಾತ್ರ ಅದಽ, ಒತ್ತೂ ದಿಕ್ಕು ಬದಲಾತು.”

“ನೆಲದ ಒತ್ತಡನೂ ಬದಲಾಗ್ತದೇನ್ರೀ?”

“ಭಾಳ ಕಾಲ ಬೇಕು. ಆದ್ರ ಬದಲಾಗ್ತದ.”

ಬಸಲಿಂಗನ ಕೈ ತಾನಾಗಿ ಹಣೆಗೆ ಹೋಯಿತು. “ಹಳೇ ಗೀರು ಅಳಿಸಿಲ್ಲಲ್ರೀ, ಅಜ್ಜಾರ.”

“ಯಾಕ ಅಳಸಬೇಕು ಮಗಾ? ಅದೂ ಖರೇನಽ.”

ಅವರು ಅವನ ಹಣೆಯ ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಅಷ್ಟು ಅಕ್ಕರೆಯಿಂದ ಅವನನ್ನು ಯಾರೂ ಮುಟ್ಟಿ ಬಹಳ ಕಾಲವಾಗಿತ್ತು. ಬಸಲಿಂಗ ಅತ್ತುಬಿಟ್ಟ.

“ಅಂವ ಈಗ ಯಾ ಕಡೆ ಒತ್ತತಾನ ಅಂತ ನನಗ ಹೆಂಗ ತಿಳೀಬೇಕ್ರೀ?”

ಅಜ್ಜಾರು ತಂಬಿಗೆಯಲ್ಲಿ ನೀರು ತುಂಬಿ ಅವನ ಕೈಗಿತ್ತರು.

“ಬೆಳಿಗ್ಗಿಂದ ಬಿಸಿಲಾಗ ಕುಂತಾನ. ಇದನ್ನ ಕೊಡು. ಇಸಗೊಳ್ಳೂವಾಗ, ನಿನ್ನ ದಬ್ಬಿದ್ದ ಆ ಕೈ ನೋಡು.”